ಕಿವಿಯಿಂದ ಓದುವವರು ಮತ್ತು ಲಸಿಕೆಯ ಜಾಲತಾಣ

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಹಾವೇರಿ ಜಿಲ್ಲೆಯ ಗಳಗನಾಥ, ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯಕ್ಕೆ ಹೆಸರಾದ ಊರು. ಊರಿನ ಹೆಸರನ್ನೇ ಕಾವ್ಯನಾಮವಾಗಿಸಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕಾದಂಬರಿ ಬರೆದು ಸುಮ್ಮನೆ ಕೂರಲಿಲ್ಲ. ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಓದುಗರನ್ನು ಹುಡುಕಿದರು. ಅಚ್ಚಾದ ಮಾತ್ರಕ್ಕೆ ಅಕ್ಷರ ಜನರನ್ನು ತಲುಪುವುದಿಲ್ಲವೆಂಬುದು ಅವರಿಗೆ ಗೊತ್ತಿತ್ತು.

ಅಚ್ಚನ್ನು ಕಾಣಲಾಗದವರ ಗತಿಯೇನು? ಇದೇ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿ ಮತ್ತು ಪುಟ್ಟರಾಜ ಗವಾಯಿ ಇಬ್ಬರೂ ಅಂಧರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತದ ದಾರಿ ತೋರಿದವರು ಅವರು. ಅಂಧರ ಓದಿಗೆ ನೆರವಾದದ್ದು ಆರು ಚುಕ್ಕಿಗಳ ಬ್ರೈಲ್ ಲಿಪಿ. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ‘ಭಾರತಿ ಬ್ರೈಲ್’ ರೂಪುಗೊಂಡಿತು. ಕನ್ನಡದ ‘ಕ’ಕ್ಕೂ ಹಿಂದಿಯ ‘ಕ’ಕ್ಕೂ ಅದರಲ್ಲಿ ಚುಕ್ಕಿಗಳು ಒಂದೇ.

ಕಂಪ್ಯೂಟರ್ ಬಂದ ಮೇಲೆ ಬೆರಳಿನ ಜೊತೆಗೆ ಕಿವಿಯೂ ಓದತೊಡಗಿತು. ಪರದೆಯ ಮೇಲಿನ ಬರಹವನ್ನು ದನಿಯಾಗಿಸಿ ಹೇಳುವ ತಂತ್ರಾಂಶಕ್ಕೆ ‘ಸ್ಕ್ರೀನ್ ರೀಡರ್’ ಎನ್ನುತ್ತಾರೆ. ಆಸ್ಟ್ರೇಲಿಯಾದ ಅಂಧ ಯುವಕನೊಬ್ಬ 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಎಂಬುದು ಉಚಿತವಾಗಿಯೇ ಸಿಗುತ್ತದೆ. ಆದರೆ ಕನ್ನಡಕ್ಕೆ ಬೇರೆಯದೇ ತೊಡಕಿತ್ತು. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಸ್ಥಾನವಿದ್ದರೂ ಬಳಕೆ ಹಬ್ಬಲು ವರ್ಷಗಳೇ ಹಿಡಿದವು. ಸುತ್ತೋಲೆಯ ಫೋಟೊ ತೆಗೆದು ಜಾಲತಾಣಕ್ಕೆ ಏರಿಸುವ ಅಭ್ಯಾಸವೂ ಅಷ್ಟೇ ಕೆಟ್ಟದ್ದು. ಚಿತ್ರದೊಳಗಿನ ಅಕ್ಷರವನ್ನು ಈ ದನಿ ಹಾಗೆಯೇ ಓದಲಾರದು.

ಇದರ ಬಿಸಿ ನಿಜವಾಗಿ ತಟ್ಟಿದ್ದು 2021ರ ಮೇ ತಿಂಗಳಿನಲ್ಲಿ. ಕೊರೊನಾದ ಎರಡನೆಯ ಅಲೆಯ ನಡುವೆ 18ರಿಂದ 44 ವರ್ಷದವರಿಗೆ ಲಸಿಕೆ ತೆರೆದಾಗ, ‘ಕೋವಿನ್’ ಜಾಲತಾಣದಲ್ಲಿ ಮುಂಚಿತವಾಗಿ ಸಮಯ ಕಾದಿರಿಸುವುದು ಕಡ್ಡಾಯವಾಗಿತ್ತು. ಕಣ್ಣಿದ್ದವರಿಗೇ ಸರದಿ ಸಿಗುವುದು ದುಸ್ತರವಾಗಿದ್ದ ದಿನಗಳವು. ಕನ್ನಡವೂ ಅಲ್ಲಿ ಕಾಣಿಸಿಕೊಂಡದ್ದು ಜೂನ್ ತಿಂಗಳಿನಲ್ಲಿ.

ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಈ ತಾಣದ ಕೊರತೆಗಳನ್ನು ಒಂದೊಂದಾಗಿ ಎತ್ತಿ ತೋರಿಸಿತು. ಬಳಸುವವರು ಯಂತ್ರವಲ್ಲ, ಮನುಷ್ಯರು ಎಂದು ಖಚಿತಪಡಿಸಲು ಕೇಳುವ ಸೊಟ್ಟ ಅಕ್ಷರಗಳ ‘ಕ್ಯಾಪ್ಚಾ’ಕ್ಕೆ ಧ್ವನಿಯ ಪರ್ಯಾಯವಿರಲಿಲ್ಲ. ವಯಸ್ಸು, ಲಸಿಕೆಯ ಹೆಸರು, ಉಚಿತವೋ ಹಣಕ್ಕೋ ಎಂದು ಆರಿಸುವ ಗುಂಡಿಗಳು ಅಂಧರ ಬಳಕೆಗೆ ಒದಗುತ್ತಿರಲಿಲ್ಲ. ಎಷ್ಟು ಲಸಿಕೆ ಉಳಿದಿದೆಯೆಂದು ತಿಳಿಯುತ್ತಿತ್ತು, ಯಾವ ದಿನಾಂಕಕ್ಕೆಂದು ತಿಳಿಯುತ್ತಿರಲಿಲ್ಲ. ಅಂಧರು ಮೌಸ್ ಬಳಸುವುದಿಲ್ಲ. ಆದರೂ ಕೀಲಿಮಣೆಯಿಂದ ಸಾಗುವ ಏರ್ಪಾಡಿರಲಿಲ್ಲ. ನಿಧಾನವಾಗಿ ಕೆಲಸ ಮಾಡುವವರನ್ನು ತಾಣ ತಾನಾಗಿ ಹೊರಗೆ ಹಾಕದಂತೆ ಸಾಕಷ್ಟು ಸಮಯ ಕೊಡಬೇಕೆಂದೂ ನ್ಯಾಯಾಲಯ ಹೇಳಿತು. ಕೋವಿನ್ ಮತ್ತು ಆರೋಗ್ಯ ಸೇತುಗಳನ್ನು ಅಂಗವಿಕಲರ ದೃಷ್ಟಿಯಿಂದ ಪರಿಶೋಧಿಸಲು ಸೂಚಿಸಿತು.

ಇವನ್ನು ಸರಿಪಡಿಸುವುದು ಸೇತುವೆ ಕಟ್ಟುವಂಥ ಕೆಲಸವೇನಲ್ಲ. ಗುಂಡಿಗೊಂದು ಹೆಸರು, ಚಿತ್ರಕ್ಕೊಂದು ಸಾಲಿನ ವಿವರಣೆ, ಕಿವುಡರಿಗಾಗಿ ವಿಡಿಯೊ ಕೆಳಗೆ ಬರಹ ಇಂಥವುಗಳ ಅಂತರರಾಷ್ಟ್ರೀಯ ಸೂತ್ರಗಳು 1999ರಲ್ಲೇ ಪ್ರಕಟವಾಗಿದ್ದವು. ತಾಣ ಕಟ್ಟುವಾಗಲೇ ಮಾಡಿದರೆ ಖರ್ಚು ಅಲ್ಪ. ಕಟ್ಟಿದ ಮೇಲೆ ಒಡೆದು ಕಟ್ಟುವುದೇ ದುಬಾರಿ. ಬೇಕಾದದ್ದು, ಬಳಸುವವರನ್ನು ಮೊದಲೇ ಕೇಳುವ ವ್ಯವಧಾನ.

ಕಾನೂನಿಗೂ ಕೊರತೆಯಿರಲಿಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. 1995ರ ಕಾಯ್ದೆಯ ಜಾಗದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಗುರುತಿಸಿದ ವೈಕಲ್ಯಗಳನ್ನು 7ರಿಂದ 21ಕ್ಕೆ ಏರಿಸಿತು; ಸೇವೆಗಳು ಎಲ್ಲರಿಗೂ ಎಟುಕಬೇಕೆಂದಿತು. ಆದರೆ 2017ರ ನಿಯಮಗಳಲ್ಲಿನ ಮಾನದಂಡಗಳು ಬಹುಪಾಲು ಸಲಹೆಯ ಧಾಟಿಯಲ್ಲೇ ಉಳಿದವು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಆ 15ನೇ ನಿಯಮ ಕಾಯ್ದೆಗೆ ವಿರುದ್ಧವೆಂದು ತಳ್ಳಿಹಾಕಿ, ಕಡ್ಡಾಯ ಮಾನದಂಡಗಳನ್ನು 3 ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಹೇಳಿತು. 2025ರ ಏಪ್ರಿಲ್ 30ರಂದು ಮತ್ತೊಂದು ತೀರ್ಪು. ಗುರುತು ದೃಢಪಡಿಸಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎನ್ನುವ ವಿಧಾನವನ್ನು, ಆಸಿಡ್ ದಾಳಿಯಿಂದ ಕಣ್ಣಿಗೆ ಹಾನಿಯಾದವರು ಪ್ರಶ್ನಿಸಿದ್ದರು. ಅಂತರ್ಜಾಲದ ಸೇವೆಗಳು ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯ ಅಂದು ಹೇಳಿತು.