ಮಂಗನ ಕಾಯಿಲೆಯ ಸಂಶೋಧನೆ ಮತ್ತು ಸಂಶೋಧಕರು

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾಗಿ, ಮುಂದೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲೂ ನೆಲೆಯೂರಿದ ವೈರಸ್ ಜ್ವರಕ್ಕೆ ಮಲೆನಾಡಿನವರು ಮಂಗನ ಕಾಯಿಲೆ ಎನ್ನುತ್ತಾರೆ. ವೈದ್ಯಗ್ರಂಥಗಳಲ್ಲಿ ಅದರ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. ಕಾಡಿನ ಉಣ್ಣೆ, ಅಂದರೆ ಉಣುಗು, ಕಚ್ಚುವುದರಿಂದ ಇದು ಮನುಷ್ಯರಿಗೆ ಅಂಟುತ್ತದೆ. ಸೊಪ್ಪು, ದರಗು, ಸೌದೆ ತರಲು ಕಾಡಿಗೆ ಹೋಗುವವರೂ ದನ ಮೇಯಿಸುವವರೂ ಹೆಚ್ಚಾಗಿ ಇದಕ್ಕೆ ತುತ್ತಾಗುತ್ತಾರೆ. ಮಳೆಗಾಲ ಮುಗಿದು ಕಾಡು ಒಣಗತೊಡಗಿದಾಗ ಕಾಣಿಸಿಕೊಂಡು ಬೇಸಿಗೆಯ ಕೊನೆಯವರೆಗೂ ಇರುತ್ತದೆ. ಈ ಜ್ವರವನ್ನು ಅರಸಿ ವೈದ್ಯರು, ಪ್ರಾಣಿಶಾಸ್ತ್ರಜ್ಞರು, ಕೀಟಶಾಸ್ತ್ರಜ್ಞರು, ಪಶುವೈದ್ಯರು ಈ ಸೀಮೆಗೆ ಬಂದರು. ಕೆಲವರು ತಿಂಗಳುಗಳಲ್ಲಿ ಹಿಂತಿರುಗಿದರು, ಕೆಲವರು ವರ್ಷಗಟ್ಟಲೆ ಉಳಿದರು. ಬಾಳಿಕೆ ಬಂದ ತಿಳಿವಳಿಕೆ ಬಹುಪಾಲು ಬಂದದ್ದು ಉಳಿದವರಿಂದ. ಆದರೆ ಉಳಿದು ದುಡಿಯುವ ವಿದ್ವಾಂಸನಿಗೆ ಈ ತಾಲ್ಲೂಕುಗಳಲ್ಲಿ ಸ್ಥಿರವಾದ ನೆಲೆ ಒದಗಲಿಲ್ಲ. ಈ ಸಂಶೋಧನೆಯ ಇತಿಹಾಸದ ಮುಖ್ಯ ಪಾಠ ಇದೇ.

ಮೊದಲು ಬಂದವರು ಬೇರೊಂದು ರೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದವು. ಮುಂದೆ ಅದೇ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಾಯಿತು. ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಯುತ್ತಿವೆ, ಪಕ್ಕದ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದ್ದಾರೆ ಎಂಬ ಸುದ್ದಿ ಅಲ್ಲಿಗೆ ತಲುಪಿದಾಗ, ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಶಂಕೆ ಹುಟ್ಟಿತು. ಕೇಂದ್ರದ ನಿರ್ದೇಶಕ ಟೆಲ್ಫರ್ಡ್ ವರ್ಕ್ ಮತ್ತು ಪನಾಮದಲ್ಲಿ ಹಳದಿ ಜ್ವರದ ಕಾಡುಗಳನ್ನು ಅಭ್ಯಸಿಸಿದ್ದ ಹೆರಾಲ್ಡ್ ಟ್ರಾಪಿಡೊ ತನಿಖೆಗೆ ಇಳಿದರು. ಪ್ರತ್ಯೇಕಿಸಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ಅದು ರಷ್ಯದ ವಸಂತ-ಬೇಸಿಗೆಯ ಮಿದುಳುಜ್ವರದ ಬಳಗಕ್ಕೆ ಸೇರಿತ್ತು. ನಂಟನ್ನು ನಂಬಿ, ಇಲಿಯ ಮಿದುಳಿನಿಂದ ತಯಾರಿಸಿದ ರಷ್ಯನ್ ಜ್ವರದ ಲಸಿಕೆಯನ್ನು ಇಲ್ಲಿನ ಜನರಿಗೆ ಹಾಕಿ ನೋಡಿದರು. ಅದು ರಕ್ಷಣೆ ಕೊಡಲಿಲ್ಲ. ಆ ಅಂದಾಜು ದುಡುಕಿನದೇನಲ್ಲ, ಆಗಿನ ತಿಳಿವಳಿಕೆಗೆ ತಕ್ಕದ್ದೇ. ಆದರೆ ಬೇರೆ ನಾಡಿನ ಅನುಭವವನ್ನು ಈ ಕಾಡಿಗೆ ಹಾಗೆಯೇ ಹೊಂದಿಸಲಾಗದು ಎಂಬುದನ್ನು ಆ ವೈಫಲ್ಯವೇ ತೋರಿಸಿಕೊಟ್ಟಿತು.

ನಿಜವಾದ ತಿಳಿವಳಿಕೆ ಸಾಗರದ ಕ್ಷೇತ್ರಕೇಂದ್ರದಲ್ಲಿ ವರ್ಷಗಟ್ಟಲೆ ನಡೆದ ನಿಧಾನದ ಕೆಲಸದಿಂದ ಬಂತು. ಕೊಲಂಬಿಯದ ಹೋರ್ಹೆ ಬೊಶೆಲ್ ತಮ್ಮ ದೇಶದಲ್ಲಿ, ಮರ ಕಡಿದು ಉರುಳಿಸಿದಾಗ ನೆತ್ತಿಯ ಸೊಳ್ಳೆಗಳು ಕೆಳಗಿಳಿದು ಕಡಿಯುವವರನ್ನೇ ಮುತ್ತುವುದನ್ನು ಗಮನಿಸಿ ಕಾಡಿನ ಹಳದಿ ಜ್ವರದ ಗುಟ್ಟು ಬಿಡಿಸಿದವರು. ಸಾಗರಕ್ಕೆ ಬಂದ ಮೇಲೆ ಅವರು ಅದೇ ಕಣ್ಣನ್ನು ನೆಲದತ್ತ ಹೊರಳಿಸಿದರು. ಕಾಡು ಕಡಿದು ಗದ್ದೆ, ಬೇಣ ಮಾಡಿಕೊಂಡ ಅಂಚಿನಲ್ಲಿ ದನಗಳು ಮೇಯುತ್ತವೆ, ದನದ ರಕ್ತ ಕುಡಿದು ಉಣ್ಣೆಗಳ ಸಂತತಿ ಬೆಳೆಯುತ್ತದೆ, ಆ ಉಣ್ಣೆಗಳೇ ವೈರಸ್ಸನ್ನು ಮಂಗಗಳಿಗೂ ಮನುಷ್ಯರಿಗೂ ಮುಟ್ಟಿಸುತ್ತವೆ ಎಂಬ ಅವರ ವಿವರಣೆ 1969ರಲ್ಲಿ ಪ್ರಕಟವಾಯಿತು. ಅವರೊಂದಿಗೆ ದುಡಿದ ಕೀಟಶಾಸ್ತ್ರಜ್ಞ ಪಿ. ಕೆ. ರಾಜಗೋಪಾಲನ್ ಒಂದು ದಶಕಕ್ಕೂ ಹೆಚ್ಚು ಕಾಲ ಈ ರೋಗದ ಬೆನ್ನು ಹತ್ತಿದರು. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣ್ಣೆಗಳು ಅಲ್ಲೇ ಉದುರುತ್ತವೆ. ಸಾವಿನ ಸುತ್ತಲ ನೆಲವೇ ಸೋಂಕಿನ ತಾಣವಾಗುತ್ತದೆ. ಇಂಥ ಸಂಗತಿಗಳನ್ನು ಒಂದು ಋತುವಿನ ಭೇಟಿಯಲ್ಲಿ ಖಚಿತಪಡಿಸಲು ಬಾರದು. ಒಂದೇ ಕಾಡನ್ನು ಹಲವು ಮಳೆಗಾಲ, ಹಲವು ಬೇಸಿಗೆ ನೋಡಿರಬೇಕು. ರಾಜಗೋಪಾಲನ್ ಮುಂದೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾದರು, ಪದ್ಮಶ್ರೀ ಪಡೆದರು.

ರೋಗಿಯ ಹಾಸಿಗೆಯ ಬಳಿ ನಡೆದ ಅಧ್ಯಯನದಲ್ಲಿ ಸ್ಥಳೀಯ ವೈದ್ಯಕೀಯದ ಪಾಲು ಸ್ಪಷ್ಟವಾಗಿ ಕಾಣುತ್ತದೆ. ಆರ್. ಲಕ್ಷ್ಮಣರಾವ್ 1958ರಲ್ಲೇ ಈ ಜ್ವರದ ಲಕ್ಷಣಗಳನ್ನು ಕುರಿತು ಬರೆದರು. 1961ರಲ್ಲಿ ಅವರೂ ಬ್ರಿಟನ್ನಿನ ವೈದ್ಯ ಹ್ಯೂಬರ್ಟ್ ವೆಬ್ಬರೂ ಕೂಡಿ ಪ್ರಕಟಿಸಿದ ಪ್ರಬಂಧ, ಜ್ವರ ಇಳಿದಂತೆ ಕಂಡು ಕೆಲವರಲ್ಲಿ ಮತ್ತೆ ಮರಳಿ ನರಮಂಡಲವನ್ನು ಬಾಧಿಸುವ ಬಗೆಯನ್ನು ವಿವರಿಸಿತು. ವೆಬ್ ಲಂಡನ್ನಿಗೆ ಮರಳಿದ ಮೇಲೆ ನಡೆಸಿದ ಕೆಲಸ ಸೋಜಿಗದ್ದು. 1966ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ರಕ್ತದ ಕ್ಯಾನ್ಸರ್ ಮತ್ತಿತರ ಗಂತಿರೋಗಗಳಿಂದ ನರಳುತ್ತಿದ್ದ 28 ರೋಗಿಗಳಿಗೆ ಲಂಗಟ್ ಮತ್ತು ಕ್ಯಾಸನೂರು ವೈರಸ್ಸುಗಳನ್ನೇ ಚಿಕಿತ್ಸೆಯಾಗಿ ಕೊಟ್ಟು ನೋಡಿದರು. ಅದು ವಾಡಿಕೆಯ ಚಿಕಿತ್ಸೆಯಾಗಲಿಲ್ಲವಾದರೂ ಮಲೆನಾಡಿನ ವೈರಸ್ಸೊಂದು ಲಂಡನ್ನಿನ ಕ್ಯಾನ್ಸರ್ ವಾರ್ಡಿನವರೆಗೆ ಹೋಯಿತೆಂಬುದು ದಾಖಲೆಯ ಮಾತು. ಪುಣೆಯಲ್ಲಿ ಈ ರೋಗದ ಬಗ್ಗೆ ದುಡಿದ ಖೋರ್ಷೆದ್ ಪಾವ್ರಿ ಅಲ್ಲಿನ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿಯಾದರು.

ಸಾಗರ ತಾಲ್ಲೂಕಿನ ಇನ್ನೊಂದು ರೋಗದ ಕಥೆಯೂ ಇದೇ ಜಾಡಿನದು. 1970ರ ದಶಕದ ನಡುವೆ ಹಂದಿಗೋಡು ಗ್ರಾಮದಲ್ಲಿ, ಮುಖ್ಯವಾಗಿ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಬಡವರಲ್ಲಿ, ಸೊಂಟ ಮತ್ತು ಮಂಡಿಯ ಕೀಲುಗಳು ಸವೆದು ನಡೆಯಲಾಗದ ಸ್ಥಿತಿ ಕಂಡುಬಂತು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಮಾತು ಬಲವಾಗಿ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಪರೀಕ್ಷಿಸಿತು. ಕುಟುಂಬಗಳ ವಂಶಾವಳಿಯನ್ನೂ ಎಲುಬಿನ ಎಕ್ಸ್‌ರೇಗಳನ್ನೂ ಕ್ರಮವಾಗಿ ಅಭ್ಯಸಿಸಿದ ಮೇಲೆ, ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ಆನುವಂಶಿಕ ಎಲುಬಿನ ರೋಗವಿದು ಎಂಬ ನಿರ್ಣಯ 1990ರ ದಶಕದಲ್ಲಿ ಗಟ್ಟಿಯಾಯಿತು. ಮೊದಲ ಊಹೆಗೂ ಈ ನಿರ್ಣಯಕ್ಕೂ ನಡುವೆ ಸುಮಾರು ಎರಡು ದಶಕ ಕಳೆದಿತ್ತು. ಕುಟುಂಬಗಳನ್ನು ವರ್ಷವರ್ಷ ನೋಡುತ್ತಿರುವ ಅಧ್ಯಯನಪೀಠವೊಂದು ಹತ್ತಿರದಲ್ಲೇ ಇದ್ದಿದ್ದರೆ ಆ ಅಂತರ ಕಡಿಮೆಯಾಗುತ್ತಿತ್ತು ಎಂದು ಭಾವಿಸಲು ಕಾರಣವಿದೆ.

ಈ ವಾದಕ್ಕೆ ಎರಡು ಆಕ್ಷೇಪಗಳಿವೆ. ಮೊದಲನೆಯದು ಸುರಕ್ಷತೆಯದು. ಮಂಗನ ಕಾಯಿಲೆಯ ವೈರಸ್ ಪ್ರಯೋಗಾಲಯದ ಸಿಬ್ಬಂದಿಯಲ್ಲೇ ಹಲವರಿಗೆ ಅಂಟಿತ್ತು. ಅದನ್ನು ಬೆಳೆಸಿ ಪರೀಕ್ಷಿಸಲು ಅತ್ಯುನ್ನತ ಮಟ್ಟದ ಸುರಕ್ಷಾ ಕೋಣೆ ಬೇಕು. ಅಂಥದ್ದು ಪುಣೆಯಲ್ಲೇ 2012ರಲ್ಲಿ ಸಿದ್ಧವಾಯಿತು. ಇದನ್ನು ತಾಲ್ಲೂಕು ಕೇಂದ್ರದಲ್ಲಿ ಕಟ್ಟಬೇಕೆಂದು ಯಾರೂ ಹೇಳಲಾರರು. ಆದರೆ ಉಣ್ಣೆ ಎಣಿಸಲು, ಮಂಗಗಳ ಸಾವನ್ನು ಗುರುತಿಸಲು, ಲಸಿಕೆ ಯಾರಿಗೆ ತಲುಪಿತು ಎಂದು ಲೆಕ್ಕ ಹಾಕಲು ಆ ಕೋಣೆ ಬೇಕಿಲ್ಲ. ಎರಡನೆಯ ಆಕ್ಷೇಪ, ಸಂಚಾರವೇ ವಿಜ್ಞಾನಿಯ ಸ್ವಭಾವ ಎಂಬುದು. ಪನಾಮ, ಕೊಲಂಬಿಯಗಳ ಅನುಭವವಿಲ್ಲದೆ ಸಾಗರದ ಕಾಡು ಅಷ್ಟು ಬೇಗ ಅರ್ಥವಾಗುತ್ತಿರಲಿಲ್ಲ, ನಿಜ. ಇಲ್ಲಿ ಆಗಬೇಕಿದ್ದದ್ದು ಬಂದವರನ್ನು ಕಟ್ಟಿಹಾಕುವ ಕೆಲಸವಲ್ಲ. ಒಬ್ಬರು ಹೋದಾಗ ಅವರ ಕೆಲಸ ಕೈಗೆತ್ತಿಕೊಳ್ಳುವ ಇನ್ನೊಬ್ಬರನ್ನು ಬೆಳೆಸುವ ಏರ್ಪಾಡು ಆಗಬೇಕಿತ್ತು. 1970ರ ದಶಕದಲ್ಲಿ ಆ ದಟ್ಟ ಕ್ಷೇತ್ರಕಾರ್ಯ ಇಳಿಮುಖವಾಯಿತು. ರೋಗ ಮಾತ್ರ ಹೊಸ ತಾಲ್ಲೂಕುಗಳಿಗೆ ಹಬ್ಬುತ್ತಲೇ ಹೋಯಿತು.

ವಿದ್ಯಾರ್ಥಿಗಳ ದಾರಿಯೂ ಹೀಗೆಯೇ ಹೊರಮುಖವಾಗಿತ್ತು. ಮೈಸೂರು ವೈದ್ಯಕೀಯ ಕಾಲೇಜು 1924ರಷ್ಟು ಹಳೆಯದು. ಮಣಿಪಾಲದಲ್ಲಿ 1953ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ ಕಾಲೇಜುಗಳು ತೆರೆದವು. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದದ್ದು 2007ರಲ್ಲಿ, ವೈರಸ್ ಪತ್ತೆಯಾಗಿ ಐವತ್ತು ವರ್ಷಗಳ ಬಳಿಕ. ಅಷ್ಟರಲ್ಲಿ ದೇಶದ ಎಂಬಿಬಿಎಸ್ ವಿದ್ಯಾರ್ಥಿಗಳೆಲ್ಲ ಸಮುದಾಯ ವೈದ್ಯಶಾಸ್ತ್ರದ ಪಠ್ಯದಲ್ಲಿ ಕ್ಯಾಸನೂರಿನ ಹೆಸರು ಓದಿ ಪರೀಕ್ಷೆ ಬರೆದಿದ್ದರು. ಆಗುಂಬೆ ಘಟ್ಟ ಇಳಿದರೆ ಸಿಗುವ ಮಣಿಪಾಲಕ್ಕೆ ತೀರ್ಥಹಳ್ಳಿ, ಹೊಸನಗರ ಕಡೆಯ ಗಂಭೀರ ರೋಗಿಗಳು ಹೋಗುವುದು ರೂಢಿಯಾಯಿತು. ಜಿ. ಅರುಣ್‌ಕುಮಾರ್ ನೇತೃತ್ವದಲ್ಲಿ ಅಲ್ಲಿ ಬೆಳೆದ ವೈರಸ್ ಸಂಶೋಧನಾ ಕೇಂದ್ರವು ಮಂಗನ ಕಾಯಿಲೆಯ ಪತ್ತೆಯಲ್ಲಿ ಪಳಗಿತ್ತು. 2018ರಲ್ಲಿ ಕೇರಳದ ನಿಪಾ ವೈರಸ್ಸನ್ನು ಗುರುತಿಸಿದ್ದೂ ಅದೇ ಕೇಂದ್ರ. ರೋಗದ ಮಗ್ಗುಲಲ್ಲಿ ಬೆಳೆದ ಪರಿಣತಿ ಪಕ್ಕದ ನಾಡಿಗೂ ಒದಗಿಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇನ್ನೂ ಹತ್ತಿರದ ಸಾಕ್ಷಿ ಲಸಿಕೆಯ ಅಧ್ಯಯನದಲ್ಲಿದೆ. ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು 1990ರ ದಶಕದಿಂದ ಈ ತಾಲ್ಲೂಕುಗಳಲ್ಲಿ ಹಾಕುತ್ತಿದ್ದರು. ಅದು ಎಷ್ಟು ಕಾಪಾಡುತ್ತದೆ ಎಂಬ ಪ್ರಶ್ನೆಯನ್ನು ರಾಜ್ಯದ ಆರೋಗ್ಯ ಸೇವೆಯ ವೈದ್ಯ ಜಿ. ಎಸ್. ಕಸಬಿ ಮತ್ತು ಸಂಗಡಿಗರು 2005ರಿಂದ 2010ರವರೆಗಿನ ದಾಖಲೆ ಹಿಡಿದು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದು ಡೋಸಿನಿಂದ ಪ್ರಯೋಜನ ಕಾಣಲಿಲ್ಲ. ಎರಡು ಡೋಸು ಪಡೆದವರಲ್ಲಿ ರಕ್ಷಣೆ ಶೇ. 62ರಷ್ಟು, ಬಲವರ್ಧಕ ಡೋಸೂ ಸೇರಿದರೆ ಶೇ. 83ರಷ್ಟು ಎಂದು ತಿಳಿಯಿತು. 2011ರಲ್ಲಿ ಬಲವರ್ಧಕ ಲಸಿಕೆ ಸಿಗದಿದ್ದುದು ಮುಂದಿನ ಬೇಸಿಗೆಯ ಉಲ್ಬಣಕ್ಕೆ ಕಾರಣವಾಗಿರಬಹುದೆಂದೂ ಅವರೇ ಗುರುತಿಸಿದರು. ಈ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಅದಕ್ಕೂ ಮುನ್ನ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ರೋಗ ಹಲವರ ಪ್ರಾಣ ತೆಗೆದಿತ್ತು.

ಇಂದು ಶಿವಮೊಗ್ಗದಲ್ಲಿ ರಕ್ತ ಪರೀಕ್ಷಿಸುವ ವೈರಸ್ ಪ್ರಯೋಗಾಲಯವಿದೆ, ಮೈಗೆ ಸವರಿಕೊಳ್ಳುವ ಉಣ್ಣೆ ನಿರೋಧಕ ಎಣ್ಣೆಯನ್ನು ಮನೆಮನೆಗೆ ತಲುಪಿಸುವ ಆಶಾ ಕಾರ್ಯಕರ್ತೆಯರಿದ್ದಾರೆ. ಪತ್ತೆ ಮತ್ತು ನಿಯಂತ್ರಣಕ್ಕೆ ಇವು ಅಗತ್ಯ. ಹೊಸ ಪ್ರಶ್ನೆ ಕೇಳಿ ಅದರ ಹಿಂದೆ ಹತ್ತು ವರ್ಷ ಕೂರುವ ಕೆಲಸ ಬೇರೆಯೇ, ಅದಕ್ಕೆ ಸ್ಥಿರವಾದ ಸಂಶೋಧನಾ ಹುದ್ದೆ ಬೇಕು. ಕಾಡಿನಲ್ಲಿ ಮಂಗ ಸತ್ತರೆ ಸುತ್ತಲ ನೆಲಕ್ಕೆ ಕೀಟನಾಶಕ ಉದುರಿಸುವ ಈಗಿನ ಕ್ರಮಕ್ಕೆ, 1960ರ ದಶಕದಲ್ಲಿ ಸಾಗರದಲ್ಲಿ ಉಳಿದು ಉಣ್ಣೆ ಎಣಿಸಿದವರ ಲೆಕ್ಕವೇ ಆಧಾರ.