ಕಾಸರಗೋಡು ಸೀರೆ: ನಮ್ಮೂರ ಮಗ್ಗದ ಕಥೆ



ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಕಾಸರಗೋಡು ಸೀರೆ ಇದ್ದರೆ ಒಮ್ಮೆ ಮಗುಚಿ ನೋಡಿ. ಎರಡೂ ಬದಿಯಲ್ಲಿ ಬಣ್ಣ ಒಂದೇ ತೆರನಾಗಿರುತ್ತದೆ. ಅದು ಬಟ್ಟೆಯ ಮೇಲೆ ಅಚ್ಚೊತ್ತಿದ ಬಣ್ಣವಲ್ಲ, ನೇಯುವ ಮೊದಲೇ ನೂಲಿಗೆ ಹಿಡಿಸಿದ್ದು.

ಇಂಡೋನೇಷ್ಯಾದ ಇಕಾತ್ ಬಟ್ಟೆಯಲ್ಲೂ ಬಣ್ಣ ಮೊದಲು, ನೇಯ್ಗೆ ಆಮೇಲೆ. ಅಲ್ಲಿ ನೂಲನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟಿದ ಜಾಗಕ್ಕೆ ಬಣ್ಣ ತಾಗುವುದಿಲ್ಲ. ನೇಯುವಾಗ ಹೂವು, ಕುದುರೆ ಮೂಡುತ್ತವೆ. ಇಕಾತ್ ಎಂದರೆ ಕಟ್ಟುವುದು. ಗುಜರಾತಿನ ಪಟೋಲ ಬಟ್ಟೆ ಹಡಗಿನಲ್ಲಿ ಆ ದ್ವೀಪಗಳಿಗೆ ಹೋಗಿ, ಅದರ ವಿನ್ಯಾಸ ಅಲ್ಲಿನ ಮಗ್ಗಗಳಲ್ಲಿ ಉಳಿಯಿತು. ಕ್ರೈಸ್ತರೇ ಹೆಚ್ಚಿರುವ ಫ್ಲೋರೆಸ್ ದ್ವೀಪದ ಮಹಿಳೆಯರು ಇಂದಿಗೂ ಇಕಾತ್ ನೇಯುತ್ತಾರೆ.

ನಮ್ಮಲ್ಲಿ ಶಾಲಿಯ ಸಮುದಾಯದವರದು ತಲೆಮಾರುಗಳ ನೇಕಾರಿಕೆ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅದೇ ಜಿಲ್ಲೆಯ ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ ಬಂತು. ದೀಕ್ಷಾಸ್ನಾನ ಪಡೆದ ಅನೇಕರು ಮನೆ ಮತ್ತು ಕಸುಬು ಎರಡನ್ನೂ ಕಳೆದುಕೊಂಡರು. ಅವರ ಅನ್ನದ ದಾರಿಗಾಗಿ ಮಿಷನ್ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ತೆರೆಯಿತು. 1851ರಲ್ಲಿ ಬಂದ ನೇಯ್ಗೆ ತಜ್ಞ ಹಾಲರ್ ಹಾರುಲಾಳಿಯ ಮಗ್ಗಗಳನ್ನು ಬಳಕೆಗೆ ತಂದರು. ಹಗ್ಗ ಎಳೆದರೆ ಲಾಳಿ ತಾನೇ ಅತ್ತಿತ್ತ ಓಡುವುದರಿಂದ ಒಬ್ಬನೇ ನೇಕಾರ ಅಗಲದ ಬಟ್ಟೆಯನ್ನು ಬೇಗ ನೇಯಬಹುದಾಯಿತು. ಖಾಕಿ ಬಣ್ಣ ಕಂಡುಹಿಡಿದವರು ಹಾಲರ್ ಎಂದೂ ಹೇಳುವುದುಂಟು. ಕಣ್ಣೂರಿನಲ್ಲೂ ಮಿಷನ್ ನೇಯ್ಗೆ ಕಾರ್ಖಾನೆ ನಡೆಸಿತು. ಮೊದಲ ಮಹಾಯುದ್ಧದ ಬಳಿಕ ಈ ಉದ್ಯಮಗಳು ಮಿಷನ್ ಕೈತಪ್ಪಿದವು.

ಕಾಸರಗೋಡಿನ ನೇಕಾರರು ಹಿಡಿದದ್ದು ಇನ್ನೊಂದು ದಾರಿ. 1938ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. 60ರಿಂದ 100 ನಂಬರಿನ ನಯವಾದ ಹತ್ತಿ ನೂಲು, ತೊಳೆದರೂ ಬಿಡದ ವ್ಯಾಟ್ ಬಣ್ಣ, ಪಟ್ಟೆ ಅಥವಾ ಚೌಕುಳಿಯ ಮೈ, ಎದ್ದು ಕಾಣುವ ಅಂಚು: ಇದು ಕಾಸರಗೋಡು ಸೀರೆಯ ಗುರುತು. ಈ ಹೆಸರಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ.

ಆದರೆ ಮಾನ್ಯತೆಯ ಪತ್ರ ಮಗ್ಗ ನಡೆಸುವುದಿಲ್ಲ. ಒಂದು ಸೀರೆಗೆ ದಿನಗಟ್ಟಲೆ ದುಡಿಮೆ ಬೇಕು. ಯಂತ್ರಮಗ್ಗದ ಸೀರೆ ಅದಕ್ಕಿಂತ ಅಗ್ಗ. ಕೈಗೆ ಬರುವ ಕೂಲಿ ನೋಡಿ ಮಕ್ಕಳು ಬೇರೆ ಕೆಲಸ ಹುಡುಕಿದರೆ ಅವರನ್ನು ದೂರುವಂತಿಲ್ಲ. ಕೊಳ್ಳುವವರಾದ ನಾವು ಮಾಡಬಹುದಾದದ್ದು ಇದೆ. ಮುಂದಿನ ಹಬ್ಬಕ್ಕೆ ಅಮ್ಮನಿಗೆ ಸೀರೆ ತರುವಾಗ ಸಂಘದ ಮಳಿಗೆಗೆ ಹೋಗಿ. ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಒಳ್ಳೆಯ ನೂಲು ಯಾವುದೆಂದು ಅವರ ಬೆರಳುಗಳಿಗೆ ಗೊತ್ತು.