ಪರದೆ ಬದಲಾದ ಸುದ್ದಿ ಯಾರ ಬಳಿ ಇದೆ?

ದೂರದ ಸರ್ವರ್‌ನಲ್ಲಿ ಓಡುವ ವರ್ಚುವಲ್ ಮಷಿನ್‌ನ ಪರದೆ ತಡವರಿಸಿದರೆ ನಾವು ಮೊದಲು ದೂರುವುದು ನೆಟ್‌ವರ್ಕನ್ನು. ಈ ಕ್ಷೇತ್ರದ ನಾಲ್ಕು ದಶಕಗಳನ್ನು ಒಟ್ಟಿಗಿಟ್ಟು ನೋಡಿದರೆ ಮೂಲ ತೊಡಕು ಬೇರೆಯೇ ಎನಿಸುತ್ತದೆ: ಪರದೆಯ ಯಾವ ಭಾಗ ಬದಲಾಯಿತೆಂಬ ಸುದ್ದಿ ಯಾರ ಬಳಿ ಇದೆ? 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯನ್ನು ಈ ಪ್ರಶ್ನೆ ಕಾಡಲಿಲ್ಲ. ‘ಇಲ್ಲಿ ಗೆರೆ ಎಳೆ, ಅಲ್ಲಿ ಅಕ್ಷರ ಬರೆ’ ಎಂದು ಪ್ರೋಗ್ರಾಂ ಕಳಿಸುವ ಅಪ್ಪಣೆಯೇ ಅಲ್ಲಿ ಸುದ್ದಿಯಾಗಿತ್ತು. 1998ರಲ್ಲಿ ವಿಂಡೋಸ್ ಎನ್‌ಟಿ 4.0 ಟರ್ಮಿನಲ್ ಸರ್ವರ್ ಜೊತೆ ಬಂದ, ದೂರದ ಪರದೆ ತೋರಿಸುವ ಆರ್‌ಡಿಪಿ ಕೂಡ ಬಹುಮಟ್ಟಿಗೆ ಇದೇ ಜಾಡು ಹಿಡಿಯಿತು. ಅದೇ ವರ್ಷ ಕೇಂಬ್ರಿಜ್‌ನ ಸಂಶೋಧಕರು ಪ್ರಬಂಧವೊಂದರಲ್ಲಿ ವಿವರಿಸಿದ ವಿಎನ್‌ಸಿ ಮಾತ್ರ ಅಪ್ಪಣೆಗಳನ್ನು ಬಿಟ್ಟು ಪಿಕ್ಸೆಲ್‌ಗಳನ್ನೇ ನೆಚ್ಚಿಕೊಂಡಿತು. ಹಿಂದಿನ ಸಲಕ್ಕಿಂತ ಬದಲಾದದ್ದನ್ನು ಕೊಡು ಎಂದು ನೋಡುವ ಕಡೆಯೇ ಕೇಳಬೇಕು, ಕೇಳಿದ ಮೇಲಷ್ಟೇ ಉತ್ತರ. ಸಂಪರ್ಕ ನಿಧಾನವಾಗಿದ್ದರೆ ನಡುವಿನ ಸ್ಥಿತಿಗಳು ತಾವಾಗಿ ಬಿಟ್ಟುಹೋಗಿ ಕಡೆಯ ಸ್ಥಿತಿ ತಲುಪುತ್ತದೆ. ಇಷ್ಟು ಸರಳವಾದದ್ದರಿಂದಲೇ ಅದು ಇಂದಿಗೂ ಬಾಳಿದೆ.

ವರ್ಚುವಲ್ ಮಷಿನ್ ಬಂದಾಗ ಸುದ್ದಿಯ ಎಳೆಯೇ ಕಡಿಯಿತು. ಒಳಗಿನ ಗೆಸ್ಟ್ ತಾನು ನಿಜವಾದ ವಿಜಿಎ ಕಾರ್ಡಿನ ಮೆಮೊರಿಗೆ ಬರೆಯುತ್ತಿದ್ದೇನೆಂದೇ ನಂಬಿರುತ್ತದೆ, ಬರೆದೆನೆಂದು ಹೊರಗಿನ ಹೋಸ್ಟ್‌ಗೆ ಹೇಳುವುದಿಲ್ಲ. ಹೋಸ್ಟ್ ಊಹಿಸಬೇಕು. ವರ್ಚುವಲ್ ಮಷಿನ್ ಓಡಿಸುವ ತಂತ್ರಾಂಶವಾದ ಕ್ಯೂಇಎಂಯು ಇದಕ್ಕೆ ಕಂಡುಕೊಂಡ ದಾರಿಯಲ್ಲಿ ಇಡೀ ಸಮಸ್ಯೆ ಅಡಗಿದೆ. ಅದು ಮೆಮೊರಿಯ ಯಾವ ಪೇಜ್ ‘ಡರ್ಟಿ’ ಆಗಿದೆ, ಅಂದರೆ ಯಾವುದಕ್ಕೆ ಹೊಸದಾಗಿ ಬರೆಯಲಾಗಿದೆ ಎಂದು ಗುರುತಿಟ್ಟುಕೊಳ್ಳುತ್ತದೆ. ಆದರೆ 4096 ಬೈಟಿನ ಒಂದು ಪೇಜ್ ಎಂದರೆ, ಪಿಕ್ಸೆಲ್‌ಗೆ 4 ಬೈಟಿನಂತೆ, 1024 ಪಿಕ್ಸೆಲ್. 1920 ಅಗಲದ ಪರದೆಯಲ್ಲಿ ಅರ್ಧ ಸಾಲಿಗಿಂತ ಹೆಚ್ಚು. ಮಿಟುಕುವ ಒಂದು ಕರ್ಸರ್ ಇಷ್ಟಗಲದ ಅನುಮಾನ ಹುಟ್ಟಿಸುತ್ತದೆ. ಹಾಗಾಗಿ ಅದರೊಳಗಿನ ವಿಎನ್‌ಸಿ ಭಾಗವು ಹಳೆಯ ಪ್ರತಿಯೊಂದಿಗೆ 16 ಪಿಕ್ಸೆಲ್‌ಗಳ ತುಂಡುಗಳನ್ನು ಹೋಲಿಸಿ ನಿಜವಾಗಿ ಬದಲಾದದ್ದನ್ನು ಹೆಕ್ಕುತ್ತದೆ. ಇನ್ನು ಎಷ್ಟು ಸಲ ನೋಡಬೇಕು? ಬಹುಕಾಲ ಇದ್ದ ನಿಯಮ ಹೀಗೆ: 30 ಮಿಲಿಸೆಕೆಂಡಿನಿಂದ ಶುರು; ಏನೂ ಬದಲಾಗದಿದ್ದರೆ ಪ್ರತಿ ಸಲ 50 ಸೇರಿಸುತ್ತ 3000ದವರೆಗೆ; ಬದಲಾವಣೆ ಕಂಡರೆ ಅಂತರ ಅರ್ಧಕ್ಕೆ. ಕೀ ಒತ್ತಿದರೆ, ಮೌಸ್ ಅಲುಗಿದರೆ, ನೇರ 30ಕ್ಕೆ. ಕೊನೆಯ ಈ ನಿಯಮವೇ ನನ್ನ ವಾದಕ್ಕೆ ಬಲ. ಬದಲಾವಣೆ ಬರಲಿದೆ ಎಂಬ ಮುನ್ಸೂಚನೆ ಬಳಕೆದಾರರ ಬೆರಳಿನಲ್ಲಿದೆ ಎಂದು ಅದು ಒಪ್ಪಿಕೊಂಡಿದೆ. ಯಾರೂ ಮುಟ್ಟದಿದ್ದಾಗ ಗೆಸ್ಟ್ ತಾನಾಗಿ ಬರೆದ ಒಂದು ಸಾಲು ಕೆಲವು ಕ್ಷಣ ತಡವಾಗಿ ಮೂಡಿದರೆ, ನೆಟ್‌ವರ್ಕ್ ಎಷ್ಟೇ ವೇಗದ್ದಿರಲಿ, ತಪ್ಪು ಅದರದ್ದಲ್ಲ.

ಇಷ್ಟೆಲ್ಲ ಲೆಕ್ಕಾಚಾರ ಏಕೆ, ಇಡೀ ಪರದೆಯನ್ನೇ ವೀಡಿಯೊ ಮಾಡಿ ಹರಿಸಬಾರದೇ ಎಂಬ ಆಕ್ಷೇಪ ಹಗುರವಾದುದಲ್ಲ. 1920×1080ರ ಒಂದು ಚಿತ್ರ ಸುಮಾರು 83 ಲಕ್ಷ ಬೈಟ್; ಸೆಕೆಂಡಿಗೆ 60ರಂತೆ 50 ಕೋಟಿ ಬೈಟ್‌ನ ಆಸುಪಾಸು. ಎಚ್.264 ಎಂಬ ವೀಡಿಯೊ ಸಂಕುಚನ ವಿಧಾನ ಇದನ್ನು ಅತಿ ಚಿಕ್ಕದಾಗಿಸಬಲ್ಲದು. ಆಟಕ್ಕೆ, ಚಲನಚಿತ್ರಕ್ಕೆ ಅದೇ ಸರಿ. ಆದರೆ ಒಂದೇ ಯಂತ್ರದಲ್ಲಿ ಹತ್ತಾರು ಗೆಸ್ಟ್‌ಗಳಿದ್ದಾಗ, ನಿಶ್ಚಲವಾಗಿರುವ ಪರದೆಯನ್ನೂ ಪದೇ ಪದೇ ಹಿಡಿದು ಸಂಕುಚಿಸುವ ಶ್ರಮ ದಂಡ. ಜೊತೆಗೆ ಸಾಮಾನ್ಯ 4:2:0 ವೀಡಿಯೊ ಬಣ್ಣದ ವಿವರವನ್ನು ಕಾಲುಭಾಗಕ್ಕೆ ಇಳಿಸುವುದರಿಂದ ಬಣ್ಣದ ಅಕ್ಷರಗಳ ಅಂಚು ಮಸುಕಾಗುತ್ತದೆ. ಸಣ್ಣ ಗಾತ್ರದಲ್ಲಿ ಕನ್ನಡದ ಒತ್ತಕ್ಷರ ಓದುವವರಿಗೆ ಇದು ಸಣ್ಣ ನಷ್ಟವಲ್ಲ. ಆರ್‌ಡಿಪಿಯ 10ನೇ ಆವೃತ್ತಿ ಬಣ್ಣದ ವಿವರವನ್ನು ಪೂರ್ತಿ ಉಳಿಸುವ 4:4:4 ವಿಧಾನ ಸೇರಿಸಿದ್ದು ಇಂಥ ಮಸುಕನ್ನು ನೀಗಲೆಂದೇ.

ಹಳೆಯ ಅಪ್ಪಣೆಯ ದಾರಿಗೆ ಮರಳುವ ಯತ್ನವೂ ನಡೆಯಿತು. ಕ್ಯುಮ್ರಾನೆಟ್ ಕಂಪನಿ ಕಟ್ಟಿದ, 2009ರಲ್ಲಿ ರೆಡ್ ಹ್ಯಾಟ್ ಮುಕ್ತಗೊಳಿಸಿದ ಸ್ಪೈಸ್‌ನಲ್ಲಿ ಗೆಸ್ಟ್‌ನ ಡ್ರೈವರ್ ಚಿತ್ರಿಸುವ ಅಪ್ಪಣೆಗಳನ್ನೇ ಹೊರಗೆ ಕೊಡುತ್ತಿತ್ತು. ಅಷ್ಟರಲ್ಲಿ ಡೆಸ್ಕ್‌ಟಾಪ್‌ಗಳು ಕಿಟಕಿಗಳನ್ನು ತಾವೇ ಬೆರೆಸಿ ಸಿದ್ಧಚಿತ್ರ ಕೊಡತೊಡಗಿದ್ದವು, ಗೆರೆ ಎಳೆಯುವ ಅಪ್ಪಣೆಗಳು ವಿರಳವಾದವು. 2015ರಲ್ಲಿ ಲಿನಕ್ಸ್ 4.2ರೊಂದಿಗೆ ಬಂದ ವರ್ಟ್ಐಒ-ಜಿಪಿಯು ಡ್ರೈವರ್ ಇದರಿಂದ ಸರಿಯಾದ ಪಾಠ ಕಲಿತಂತಿದೆ: ಹೇಗೆ ಬರೆದೆ ಎಂಬುದು ಬೇಡ, ಯಾವ ಆಯತ ಬದಲಾಯಿತು ಎಂದಷ್ಟೇ ಗೆಸ್ಟ್ ಹೇಳಿದರೆ ಸಾಕು. ಇದಕ್ಕೆ ಗೆಸ್ಟ್‌ನ ಸಹಕಾರ ಬೇಕಲ್ಲ ಎಂದರೆ, ನಿಜವೇ. ಡ್ರೈವರ್ ಇಲ್ಲದ ಹಳೆಯ ವ್ಯವಸ್ಥೆಗಳಲ್ಲಿ ಹೋಸ್ಟ್ ಈಗಲೂ ಡರ್ಟಿ ಪೇಜ್‌ಗಳನ್ನು ಎಣಿಸುತ್ತ, ತುಂಡು ತುಂಡಾಗಿ ಹೋಲಿಸುತ್ತ ಕೂತಿರುತ್ತದೆ.